ಗೆಳೆಯನಿಗೊಂದು ಪತ್ರ: ಆರನೇ ಸಲ ಏನಾಯಿತು ಗೊತ್ತಾ?

ಪ್ರೀತಿಯ ಗೆಳೆಯ,

ಹೋದ ವಾರ ಫೋನಿನಲ್ಲಿ ಕೇಳಿದೆಯಲ್ಲ, 2ರ ಘಾತಗಳಿಗೆ 1 ಕೂಡಿಸುತ್ತಾ ಹೋದಾಗ ಐದು ಸಲ ಅವಿಭಾಜ್ಯ ಸಂಖ್ಯೆ (1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದ್ದು) ಬಂದದ್ದು ಆರನೇ ಸಲವೂ ಬರಲೇಬೇಕಲ್ವಾ ಅಂತ. ಅದನ್ನು ಬಾಯಲ್ಲಿ ಹೇಳೋಕಾಗಲ್ಲ, ಪೆನ್ನು ಹಾಳೆ ಬೇಕು. ಅದಕ್ಕೇ ಈ ಪತ್ರ.

ನನ್ನ ಉತ್ತರ ಒಂದೇ ಸಂಖ್ಯೆ: 4294967297. ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 297. 2ರ 32ನೇ ಘಾತಕ್ಕೆ 1 ಕೂಡಿಸಿದರೆ ಇದು ಸಿಗುತ್ತದೆ.

2ರ ಘಾತವನ್ನು 1, 2, 4, 8, 16 ಅಂತ ದುಪ್ಪಟ್ಟು ಮಾಡುತ್ತಾ ಹೋಗು, ಪ್ರತಿ ಸಲ 1 ಕೂಡಿಸು. 3, 5, 17, 257, 65537 ಬರುತ್ತವೆ. ಐದೂ ಅವಿಭಾಜ್ಯ. ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಇದನ್ನು ನೋಡಿ, ಮುಂದಿನವೂ ಎಲ್ಲ ಅವಿಭಾಜ್ಯವೇ ಅಂತ ನಂಬಿದ. ಸಾಧಿಸಿ ತೋರಿಸೋಕೆ ಮಾತ್ರ ಅವನಿಂದ ಆಗಲಿಲ್ಲ. 1729ರ ಡಿಸೆಂಬರ್‌ನಲ್ಲಿ ಗೋಲ್ಡ್‌ಬಾಕ್ ಅನ್ನೋ ಗಣಿತಜ್ಞ, ಇನ್ನೊಬ್ಬ ಗಣಿತಜ್ಞ ಆಯ್ಲರ್‌ಗೆ ಬರೆದ ಪತ್ರದ ಕೊನೆಯಲ್ಲಿ, ಸಹಿಯಾದ ಮೇಲೆ, ಇದರ ಬಗ್ಗೆ ಕೇಳಿದ. 1732ರಲ್ಲಿ ಆಯ್ಲರ್ ಉತ್ತರ ಕೊಟ್ಟ: 641ರಿಂದ ಭಾಗ ಹೋಗುತ್ತದೆ.

ನಾನು ನಿನ್ನೆ ರಾತ್ರಿ ಕೈಯಲ್ಲೇ ಭಾಗಿಸಿದೆ. ನೀನೂ ಮಾಡು. 4294ರಲ್ಲಿ 641 ಆರು ಸಲ, ಉಳಿದದ್ದು 448. 9 ಇಳಿಸಿದರೆ 4489, ಏಳು ಸಲ ಹೋಗಿ 2 ಉಳಿಯುತ್ತದೆ. ಹಾಗೇ ಸಾಗಿ ಕೊನೆಗೆ ಬಂದಾಗ ಮತ್ತೆ ಅದೇ 448! ಈ ಸಲ ಇಳಿಯೋದು 7, ಆಗ 4487, ಅದು ಸರಿಯಾಗಿ 641ರ ಏಳು ಪಟ್ಟು. ಶೇಷ ಸೊನ್ನೆ. ಭಾಗಲಬ್ಧ 6700417, ಅದೂ ಅವಿಭಾಜ್ಯ. ಎರಡೇ ಎರಡು ಅಪವರ್ತನ, ಅಷ್ಟೇ.

4294967297ರ ವರ್ಗಮೂಲ ಸುಮಾರು 65536, ಅದಕ್ಕೇ ಅದರೊಳಗೆ ಹುಡುಕಿದರೆ ಸಾಕು. 65536ರ ಒಳಗೆ 6542 ಅವಿಭಾಜ್ಯಗಳಿವೆ, ಅಷ್ಟನ್ನೂ ಒಂದೊಂದಾಗಿ ನೋಡಬೇಕಾ? ಬೇಡ. ಈ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯವನ್ನಾದರೂ 64ರಿಂದ ಭಾಗಿಸಿದರೆ 1 ಉಳಿಯಲೇಬೇಕು, ಇದನ್ನು ಆಯ್ಲರ್ ಆಮೇಲೆ ಸಾಧಿಸಿದ. ಅಂಥವು 193, 257, 449, 577, 641. ಐದನೆಯದೇ ಸಿಕ್ಕಿಬಿಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದಿದೆ, ಅದರಲ್ಲಿ ಭಾಗಾಕಾರವೇ ಇಲ್ಲ. 641 ಅಂದರೆ 5 × 128 + 1, ಅದರಲ್ಲಿ 128 ಅಂದರೆ 2ರ 7ನೇ ಘಾತ. ಹಾಗಾಗಿ 641ರ ಶೇಷದ ಲೆಕ್ಕದಲ್ಲಿ 5 × 128 ಅನ್ನೋದು −1 ಇದ್ದ ಹಾಗೆ. ನಾಲ್ಕನೇ ಘಾತ ತೆಗೆದರೆ, 625 ಸಲ 2ರ 28ನೇ ಘಾತ, ಅದು 1 ಇದ್ದ ಹಾಗೆ. ಆದರೆ 641 ಅಂದರೆ 625 + 16 ಕೂಡ ಹೌದು, ಅದಕ್ಕೇ 625ರ ಜಾಗದಲ್ಲಿ −16 ಇಡಬಹುದು. 16 ಅಂದರೆ 2ರ 4ನೇ ಘಾತ, 28ಕ್ಕೆ 4 ಸೇರಿ 32. ಅಲ್ಲಿಗೆ 2ರ 32ನೇ ಘಾತ −1 ಇದ್ದ ಹಾಗಾಯಿತು, 1 ಕೂಡಿಸು, ಸೊನ್ನೆ! ಒಂದೇ 641, ಎರಡು ಕಡೆಯಿಂದ ಬಿಡಿಸಿದರೆ ಇಷ್ಟು ದೊಡ್ಡ ಸಂಖ್ಯೆ ಒಡೆಯುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ ಕಣೋ.

ಇದಕ್ಕಿಂತ 2 ಕಡಿಮೆ ಇರುವ 4294967295 ಇದೆಯಲ್ಲ, ಅದು ಆ ಮೊದಲ ಐದು ಅವಿಭಾಜ್ಯಗಳ ಗುಣಲಬ್ಧ. ಗುಣಿಸಿ ನೋಡು.

ಆರನೆಯದರ ನಂತರ ಇಲ್ಲಿಯವರೆಗೆ ಈ ಸಾಲಿನಲ್ಲಿ ಒಂದೂ ಹೊಸ ಅವಿಭಾಜ್ಯ ಸಿಕ್ಕಿಲ್ಲ. ಏಳನೆಯದು 18446744073709551617, ಅದನ್ನು 1880ರಲ್ಲಿ ಲಾಂದ್ರಿ ಅನ್ನೋ ಗಣಿತಜ್ಞ ಒಡೆದ, 274177ರಿಂದ. ಭಾನುವಾರ ಮನೆಗೆ ಬಾ, ಇಬ್ಬರೂ ಕೂತು ಭಾಗಿಸೋಣ. ದೊಡ್ಡ ಹಾಳೆ ತಗೊಂಡು ಬಾ.

ಇಂತಿ,
ನಿನ್ನ ಗೆಳೆಯ