ಮಣ್ಣು ಮುಟ್ಟದ ಆರು ತಿಂಗಳು

ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಅನ್ನುತ್ತಾರೆ ನಮ್ಮ ಮೈಸೂರು ಕಡೆ. ಅದಕ್ಕೇ ಈ ಸಲ ಯುಗಾದಿಯ ಮಾರನೇ ದಿನ ಬೆಳಿಗ್ಗೆ ಆರೂವರೆಗೆ ತಾರಸಿ ಹತ್ತಿದೆ. ಗ್ಲೌಸ್ ಹಾಕಿದ ಕೈಯಲ್ಲೇ ಮಣ್ಣು, ಎರೆಗೊಬ್ಬರ, ಬೇವಿನ ಹಿಂಡಿ ಕಲೆಸಿ ಚೀಲಕ್ಕೆ ತುಂಬಿ ನಾಲ್ಕು ಹೀರೆಬೀಜ ಊರಿದೆ. ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಎದುರು ಮನೆಯ ಹೊಂಗೆಮರ ಪೂರ್ತಿ ಚಿಗುರಿತ್ತು. ಸೆಪ್ಟೆಂಬರ್‌ನಿಂದ ಈಚೆಗೆ ನಾನು ಮಣ್ಣು ಮುಟ್ಟಿದ್ದು ಅವತ್ತೇ. ಅಲ್ಲಿಯವರೆಗೆ ನನ್ನ ಬದಲು ಮುಟ್ಟಿದವರಿಗೆಲ್ಲ ಈ ಬರಹ.

ಕೆಲವರಿಗೆ ಮಾತ್ರ ಗೊತ್ತಿತ್ತು, ಈಗ ಎಲ್ಲರಿಗೂ ಹೇಳುತ್ತೇನೆ. ನನಗೆ ಲಿಂಫೋಮಾ ಆಗಿತ್ತು, ದುಗ್ಧಗ್ರಂಥಿಗಳಿಗೆ ಬರುವ ಕ್ಯಾನ್ಸರ್. 21 ದಿನಕ್ಕೊಂದರಂತೆ ಆರು ಕೀಮೋ ಆದವು. ಫೆಬ್ರವರಿಯ ಸ್ಕ್ಯಾನ್‌ನಲ್ಲಿ ಗಡ್ಡೆಗಳ ಸುಳಿವಿಲ್ಲ. ಇನ್ನು ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸಿಕೊಂಡು ಬರಬೇಕು.

ಮೊದಲ ಕೀಮೋಗೆ ಮುಂಚೆ ಡಾಕ್ಟರು ಮಾಡಬಾರದ್ದನ್ನೆಲ್ಲ ಒಂದೊಂದಾಗಿ ಹೇಳಿದರು. ಹಸಿ ತರಕಾರಿ ಬೇಡ, ಜಾತ್ರೆ-ಮದುವೆ ಬೇಡ ಅಂದಾಗ ತಲೆಯಾಡಿಸಿದೆ. ‘ಗಿಡ, ಮಣ್ಣು, ಗೊಬ್ಬರ ಯಾವುದನ್ನೂ ಮುಟ್ಟಬೇಡಿ’ ಅಂದಾಗ ಮಾತ್ರ ಕಣ್ಣಲ್ಲಿ ನೀರು ಬಂತು. ಮಣ್ಣಿನಲ್ಲೂ ಕೊಳೆಯುವ ಎಲೆಯಲ್ಲೂ ಶಿಲೀಂಧ್ರದ ಕಣಗಳಿರುತ್ತವೆ. ಬಿಳಿ ರಕ್ತಕಣ ಇಳಿದಿರುವಾಗ ಅವು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ. ಅರ್ಥವಾಗುವ ಮಾತೇ. ಆದರೆ ನನ್ನ ನಲವತ್ತು ಚೀಲ, ಹನ್ನೆರಡು ಪೇಂಟ್ ಬಕೆಟ್‌ಗಳಿಗೆ ಅದನ್ನು ಯಾರು ಹೇಳುವುದು?

ಎರಡನೇ ಕೀಮೋ ದಿನ ಸಿಸ್ಟರ್ ಔಷಧಿಗಳನ್ನು ಒಂದೊಂದೇ ಹೆಸರು ಹೇಳಿ ಏರಿಸುತ್ತಿದ್ದರು. ‘ಇದು ವಿನ್‌ಕ್ರಿಸ್ಟೀನ್ ಅಮ್ಮ, ಒಂದು ಹೂವಿನ ಗಿಡದಿಂದ ಬರೋದು’ ಅಂದರು. ಯಾವ ಗಿಡ ಅಂತ ಕೇಳಿದರೆ ಮೊಬೈಲ್‌ನಲ್ಲಿ ಚಿತ್ರ ತೋರಿಸಿದರು. ಕಾಶಿ ಕಣಗಿಲೆ! ನಿತ್ಯಪುಷ್ಪ ಅಂತಲೂ ಕರೆಯುತ್ತಾರಲ್ಲ, ಅದೇ. ನಮ್ಮ ತಾರಸಿಯ ನೀರು ಹೋಗುವ ಪೈಪಿನ ಪಕ್ಕ, ಸಿಮೆಂಟಿನ ಬಿರುಕಿನಲ್ಲಿ ತಾನಾಗಿ ಹುಟ್ಟಿ ವರ್ಷವಿಡೀ ಗುಲಾಬಿ ಬಣ್ಣದ ಹೂ ಬಿಡುತ್ತಿದ್ದ ಗಿಡ. ಎಷ್ಟೋ ಸಲ ಕಳೆ ಅಂತ ಕಿತ್ತೆಸೆದಿದ್ದೆ. ಮನೆಗೆ ಬಂದು ಓದಿಕೊಂಡೆ. ಮಡಗಾಸ್ಕರ್ ಅದರ ತವರು. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಅದರಲ್ಲಿ ಸಕ್ಕರೆ ಕಾಯಿಲೆಗೆ ಮದ್ದು ಹುಡುಕಲು ಹೋಗಿದ್ದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಅದನ್ನು ಕಂಡು ಮುಂದುವರಿದದ್ದರಿಂದ ಕ್ಯಾನ್ಸರ್‌ಗೆ ಮದ್ದಾಯಿತು. ಒಂದೇ ಒಂದು ಗ್ರಾಂ ತೆಗೆಯಲು ಕ್ವಿಂಟಲ್‌ಗಟ್ಟಲೆ ಒಣ ಎಲೆ ಬೇಕಂತೆ. ನನಗೆ ಒಂದು ಸಲಕ್ಕೆ ಕೊಡುತ್ತಿದ್ದದ್ದು ಬರೀ ಎರಡು ಮಿಲಿಗ್ರಾಂ. (ದಯವಿಟ್ಟು ಯಾರೂ ಇದನ್ನು ಓದಿ ಆ ಎಲೆಯ ಕಷಾಯ ಕುಡಿಯಬೇಡಿ. ಗಿಡ ವಿಷ, ಆಸ್ಪತ್ರೆಯಲ್ಲಿ ಅಳೆದು ಕೊಟ್ಟರೆ ಮಾತ್ರ ಔಷಧಿ.) ಅದೇ ಮದ್ದಿಗೆ ನನ್ನ ಬೆರಳ ತುದಿಗಳು ಜೋಮು ಹಿಡಿದವು. ರವಿಕೆಯ ಹುಕ್ ಹಾಕಲು ಮಗಳನ್ನು ಕರೆಯಬೇಕಿತ್ತು. ಈಗಲೂ ಪೂರ್ತಿ ಹೋಗಿಲ್ಲ. ಹೀರೆಬೀಜ ಹಿಡಿಯಲು ಆಯಿತು, ರಾಗಿಯಷ್ಟು ಸಣ್ಣ ದಂಟಿನ ಬೀಜ ಇನ್ನೂ ಬೆರಳಿಗೆ ತಿಳಿಯುವುದಿಲ್ಲ. ಅವತ್ತು ಆ ಮಾತು ಹೇಳಿದ ಸಿಸ್ಟರ್‌ಗೆ, ಸೂಜಿಗೆ ನರ ಸಿಗದ ದಿನಗಳಲ್ಲೂ ಒಮ್ಮೆಯೂ ಗದರದ ಅವರ ಜೊತೆಯವರಿಗೆಲ್ಲ, ನನ್ನ ನಮಸ್ಕಾರ.

ಎದುರು ಮನೆಯ ಅಕ್ಕನಿಗೆ ಏನು ಹೇಳಲಿ? ಅವರಿಗೆ ಮಂಡಿ ನೋವು. ಆದರೂ ಬೆಳಿಗ್ಗೆ-ಸಂಜೆ ಎರಡು ಹೊತ್ತು ನಮ್ಮ ಮೆಟ್ಟಿಲು ಹತ್ತಿ ನೀರು ಹಾಕಿದರು. ದಾಸವಾಳಕ್ಕೆ ಹಿಟ್ಟುತಿಗಣೆ ಹತ್ತಿದಾಗ ಬೇವಿನೆಣ್ಣೆ, ಸೋಪಿನ ನೀರು ಬೆರೆಸಿ ಸಿಂಪಡಿಸಿದರು. ಬಿಸಿಲು ಏರುತ್ತಿದ್ದಂತೆ ರಸ್ತೆ ಬದಿಯ ತರಗೆಲೆ ಗುಡಿಸಿ ತಂದು ಪ್ರತಿ ಚೀಲಕ್ಕೂ ಮುಚ್ಚಿಗೆ ಮಾಡಿದರು. ದಿನಾ ಕಿಟಕಿಯ ಹೊರಗೆ ನಿಂತು ವರದಿ ಒಪ್ಪಿಸುತ್ತಿದ್ದರು: ‘ಬದನೆ ಮೂರು ಬಿಟ್ಟಿದೆ ಕಣಮ್ಮ. ಕರಿಬೇವು ಚಿಗುರಿದೆ. ಟೊಮೇಟೊ ಒಂದು ಹೋಯ್ತು, ಬೇಜಾರು ಮಾಡ್ಕೋಬೇಡ.’ ಹೋದದ್ದನ್ನೂ ಮುಚ್ಚಿಡದೆ ಹೇಳಿದರಲ್ಲ, ಅದಕ್ಕೇ ಉಳಿದದ್ದರ ಮೇಲೆ ನನಗೆ ನಂಬಿಕೆ ಬಂತು.

ನಡುವೆ ಸೋರೆ ಬಳ್ಳಿ ಕಾಯಿ ಕಚ್ಚುವುದನ್ನು ನಿಲ್ಲಿಸಿತು. ಹೀಚು ಹಳದಿಯಾಗಿ ಉದುರುತ್ತಿತ್ತು. ಸೋರೆ ಹೂ ಅರಳುವುದು ಸಂಜೆ. ಪರಾಗ ಮುಟ್ಟಿಸುವುದು ಕತ್ತಲಲ್ಲಿ ಹಾರುವ ಪತಂಗಗಳ ಕೆಲಸ, ಮೂರನೇ ಮಹಡಿಗೆ ಅವು ಬರುವುದೇ ಅಪರೂಪ. ಗಿಡದ ಕಡೆ ತಿರುಗಿಯೂ ನೋಡದ ನನ್ನ ಮಗಳು ಸಂಜೆ ಆರೂವರೆಗೆ ವಿಡಿಯೋ ಕಾಲ್ ಮಾಡಿಕೊಂಡು ಮೇಲೆ ಹೋದಳು. ‘ಅಮ್ಮ, ಇದು ಗಂಡೋ ಹೆಣ್ಣೋ?’ ತೊಟ್ಟಿನ ಹತ್ತಿರ ಬೆರಳ ತುದಿಯಷ್ಟು, ನವಿರಾದ ರೋಮವಿರುವ ಪುಟ್ಟ ಸೋರೆಕಾಯಿ ಕಂಡರೆ ಹೆಣ್ಣು, ಬರೀ ಉದ್ದ ತೊಟ್ಟಿದ್ದರೆ ಗಂಡು ಅಂದೆ. ಗಂಡುಹೂ ಕಿತ್ತು, ಬಿಳೀ ದಳಗಳನ್ನು ಹಿಂದಕ್ಕೆ ಮಡಚಿ, ಹೆಣ್ಣುಹೂವಿನ ನಡುವಿಗೆ ಮೆಲ್ಲಗೆ ಸವರಿದಳು. ಅವಳ ಉಸಿರು ಫೋನಿನಲ್ಲಿ ಕೇಳುತ್ತಿತ್ತು. ಐದನೇ ದಿನ ‘ಅಮ್ಮಾ, ದಪ್ಪ ಆಗಿದೆ!’ ಅಂತ ಕಿರುಚಿಕೊಂಡು ಇಳಿದು ಬಂದಳು. ಆ ಕಾಯಿಯನ್ನು ಬೀಜಕ್ಕೆ ಬಿಡಿ, ಸಾರಿಗೆ ಬೇಡ ಅಂದವರು ನಮ್ಮ ಅತ್ತೆ. ಕೀಮೋ ಆದ ವಾರವೆಲ್ಲ ಮೆತ್ತಗೆ ಬೇಯಿಸಿದ ರಾಗಿ ಗಂಜಿ ಕುಡಿಸಿ ನನ್ನನ್ನು ಉಳಿಸಿಕೊಂಡವರೂ ಅವರೇ.

ಓದುವುದು ನನಗೆ ಊಟದಷ್ಟೇ ಅಭ್ಯಾಸ. ಮೂರನೇ ಕೀಮೋ ಹೊತ್ತಿಗೆ ಅದೂ ಕೈಕೊಟ್ಟಿತು. ಪುಟದ ಕೆಳಗೆ ಬರುವಷ್ಟರಲ್ಲಿ ಮೇಲಿನದು ಮರೆತುಹೋಗುತ್ತಿತ್ತು. ನಮ್ಮ ಬೀದಿಯ ಮೇಷ್ಟ್ರಿಗೆ ಈ ವಿಷಯ ತಿಳಿಯಿತು. ಮಾರನೇ ದಿನದಿಂದ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಅವರ ಫೋನ್. ಅರ್ಧ ಗಂಟೆ ಓದಿ ಹೇಳುತ್ತಿದ್ದರು. ಆರಿಸಿಕೊಂಡದ್ದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಸುದ್ದಿ ನೋಡಿ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಮೇಷ್ಟ್ರು ಸಂಬಳದಲ್ಲಿ ಕೊಂಡ ಪ್ರತಿಯಂತೆ ಅದು. ಡಿವಿಜಿಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರು, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟದ ಕಾಡು ಸುತ್ತಿದ ಕಥೆ. ಗಿಡಗಳ ವಿಷಯವನ್ನು ಇಷ್ಟು ಸಲಿಗೆಯಿಂದ ಕನ್ನಡದಲ್ಲಿ ಹೇಳಿದವರು ಇನ್ನೊಬ್ಬರಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದರೆ ಕಾಡಿನ ಹಸಿ ವಾಸನೆ ಬರುತ್ತಿತ್ತು. ನಾನು ಎಷ್ಟೋ ಸಲ ನಡುವೆ ನಿದ್ದೆಹೋದೆ. ಮೇಷ್ಟ್ರು ಬೇಸರಿಸದೆ ಮರುದಿನ ‘ಎಲ್ಲೀವರೆಗೆ ಕೇಳಿಸಿಕೊಂಡ್ರಿ?’ ಅಂತ ವಿಚಾರಿಸಿ ಅಲ್ಲಿಂದಲೇ ಶುರು ಮಾಡುತ್ತಿದ್ದರು.

ಜನವರಿ ಕಳೆದ ಮೇಲೆ ನಾನೇ ಓದಲು ತೊಡಗಿದೆ. ಮೊದಲು ದಿನಕ್ಕೆ ಎರಡು ಪುಟ, ಆಮೇಲೆ ಹತ್ತು. ಸ್ವಾಮಿಯವರದೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಮೆಣಸಿನಕಾಯಿ, ಆಲೂಗೆಡ್ಡೆ, ಕಡಲೆಕಾಯಿ, ಟೊಮೇಟೊ ಎಲ್ಲ ಸಮುದ್ರ ದಾಟಿ ಬಂದು ನಮ್ಮ ಮನೆಯವೇ ಆಗಿಹೋದವು. ಬಾಯಿಹುಣ್ಣಿನಿಂದ ನಾಲ್ಕು ತಿಂಗಳು ಒಂದು ಚೂರು ಖಾರ ಮುಟ್ಟಿರಲಿಲ್ಲ. ಆ ಪುಸ್ತಕ ಓದುತ್ತಿದ್ದ ವಾರದಲ್ಲೇ ಅಕ್ಕ ನಮ್ಮ ಗಿಡದ್ದೇ ಎರಡು ಹಸಿಮೆಣಸಿನಕಾಯಿ ಹಾಕಿ ಉಪ್ಪಿಟ್ಟು ಮಾಡಿ ತಂದರು. ನಾಲಿಗೆ ಚುರ್ರೆಂದಾಗ ಆದ ಖುಷಿಯನ್ನು ಅಕ್ಕ ಕಣ್ಣಾರೆ ನೋಡಿದ್ದಾರೆ.

ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಂಜೆವರೆಗೂ ಕಾದು ಕರೆತಂದ ಆಟೋದವರಿಗೆ, ಬಾಗಿಲಿಗೆ ಹಾಲಿಟ್ಟು ದೂರದಿಂದಲೇ ‘ಹೇಗಿದ್ದೀರಮ್ಮ’ ಅಂದ ಹುಡುಗನಿಗೆ, ದೇವರಿಗೆ ಹರಕೆ ಹೊತ್ತವರಿಗೆ, ಎಲ್ಲರಿಗೂ ನಾನು ಋಣಿ.

ಬೀಜಕ್ಕೆ ಬಿಟ್ಟ ಸೋರೆಕಾಯಿ ಈಗ ಒಣಗಿದೆ, ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಮೊನ್ನೆ ಅತ್ತೆ ಒಡೆದು ಬೀಜ ಬಿಡಿಸಿದರು, ಮಗಳು ಪೊಟ್ಟಣ ಕಟ್ಟಿದಳು. ನಮ್ಮ ಗೇಟಿನ ಒಳಗೆ ಕಲ್ಲುಬೆಂಚಿನ ಮೇಲೆ ಸ್ಟೀಲ್ ಡಬ್ಬಿಯಲ್ಲಿಟ್ಟಿದ್ದೇನೆ. ಬಂದು ತೆಗೆದುಕೊಂಡು ಹೋಗಿ. ಭರಣಿ ಮಳೆಗೆ ಮುಂಚೆ ಹಾಕಿಬಿಡಿ. ರಾತ್ರಿ ನೀರಲ್ಲಿ ನೆನೆಸಿ, ಚೂಪು ತುದಿ ಕೆಳಗೆ ಬರುವ ಹಾಗೆ ಒಂದು ಇಂಚು ಆಳಕ್ಕೆ ಊರಿದರೆ ಸಾಕು.