ಎಲ್ಲ ಕೋಳಿ ಕಾಯಿಲೆಯೂ ಕೊಕ್ಕರೆ ರೋಗವಲ್ಲ

ಮಾನ್ಯ ಸಂಪಾದಕರೇ,

ಹಿತ್ತಲಲ್ಲಿ ಹತ್ತಾರು ನಾಟಿ ಕೋಳಿಯನ್ನೋ ಗಿರಿರಾಜವನ್ನೋ ಸಾಕುವ ಮನೆಗಳು ಮಂಡ್ಯ, ಮೈಸೂರು ಸೀಮೆಯಲ್ಲಿ ಊರೂರಿಗೂ ಇವೆ. ಎಳೆಯ ಹೇಂಟೆಯೊಂದು ರೆಕ್ಕೆ ಜೋತುಹಾಕಿ ತೂಕಡಿಸತೊಡಗಿದರೆ ಸಾಕು, ‘ಕೊಕ್ಕರೆ ರೋಗ ಬಂತು’, ಅಂದರೆ ರಾಣಿಖೇತ್ ಎಂಬ ಮದ್ದಿಲ್ಲದ ವೈರಸ್ ಕಾಯಿಲೆ ಬಂತು ಎಂಬ ತೀರ್ಮಾನ. ಆಮೇಲೆ ಮೆಡಿಕಲ್ ಸ್ಟೋರಿನಿಂದ ಮನುಷ್ಯರ ಆ್ಯಂಟಿಬಯೋಟಿಕ್ ಕ್ಯಾಪ್ಸೂಲ್ ತಂದು ಬಿಚ್ಚಿ ನೀರಿಗೆ ಉದುರಿಸುತ್ತಾರೆ, ಇಲ್ಲವೇ ಸಾಯುವ ಮುಂಚೆಯೇ ಕೊಯ್ದು ಸಾರು ಮಾಡುತ್ತಾರೆ. ಗುಣವಾಗಬಹುದಾದ ರೋಗಕ್ಕೆ ಸರಿಯಾದ ಔಷಧಿ ಬೀಳುವುದಿಲ್ಲ, ಔಷಧಿಯೇ ಇಲ್ಲದ ರೋಗಕ್ಕೆ ದುಡ್ಡು ಹೋಗುತ್ತದೆ. ಈ ಗೊಂದಲ ಬಿಡಿಸಲು ಬೇಕಿರುವುದು ದಿನಾ ಬೆಳಿಗ್ಗೆ ಗೂಡಿನ ಕೆಳಗಿನ ಹಿಕ್ಕೆ ನೋಡುವ ಅಭ್ಯಾಸ.

ಆರೋಗ್ಯವಾಗಿರುವ ಕೋಳಿಯ ಹಿಕ್ಕೆ ಗಟ್ಟಿಯಾಗಿ, ತುದಿಯಲ್ಲಿ ಬಿಳಿ ಟೋಪಿ ಹಾಕಿಕೊಂಡಿರುತ್ತದೆ. ನಡುನಡುವೆ ಒಮ್ಮೊಮ್ಮೆ ಅಂಟಂಟಾದ ಕಂದು ಬಣ್ಣದ, ಗಬ್ಬು ವಾಸನೆಯ ಹಿಕ್ಕೆ ಬೀಳುತ್ತದೆ. ಅದು ಕುರುಡುಗರುಳಿನಿಂದ ಬರುವಂಥದ್ದು, ಭೇದಿಯಲ್ಲ. ಅದನ್ನು ನೋಡಿ ಗಾಬರಿಬಿದ್ದು ಔಷಧಿ ಹಾಕುವವರೇ ಹೆಚ್ಚು. ರಕ್ತ, ಹಸಿರು ಮಿಶ್ರಿತ ಬಿಳಿ ನೀರು, ಇಲ್ಲವೇ ಹುಳು ಕಂಡರೆ ಮಾತ್ರ ಚಿಂತಿಸಬೇಕು. ರಾತ್ರಿ ಗೂಡು ಮುಚ್ಚುವಾಗ ಕೊರಳ ಬುಡದ ಮೇವಿನ ಚೀಲ ಮುಟ್ಟಿ ನೋಡಿ, ತುಂಬಿರಬೇಕು. ಬೆಳಿಗ್ಗೆ ಖಾಲಿಯಾಗಿರಬೇಕು. ರಾತ್ರಿಯೇ ಖಾಲಿಯಿದ್ದರೆ ಆ ಕೋಳಿ ಹಗಲೆಲ್ಲ ಮೇವು ಮುಟ್ಟಿಲ್ಲ ಎಂದರ್ಥ. ಎದೆಯ ಮೂಳೆ ಚೂಪಾಗಿ ಕೈಗೆ ಸಿಕ್ಕರೆ ಕಾಯಿಲೆ ಇಂದಿನದಲ್ಲ, ಹಲವು ದಿನಗಳದ್ದು.

ಗುಣವಾಗುವ ಕಾಯಿಲೆಗಳಲ್ಲಿ ಮೊದಲನೆಯದು ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ಮೂರು ವಾರ ದಾಟಿದ ಪಿಳ್ಳೆಗಳಿಂದ ಹಿಡಿದು ಬೆಳೆಯುತ್ತಿರುವ ಹೇಂಟೆಗಳವರೆಗೆ ಇದರ ಕಾಟ. ಮಳೆ ಹಿಡಿದು ಗೂಡಿನ ನೆಲ ಒದ್ದೆಯಾದರೆ ಒಂದು ವಾರದಲ್ಲಿ ಕಾಣಿಸಿಕೊಳ್ಳುತ್ತದೆ. ಐಮೀರಿಯ ಎಂಬ ಪರಾವಲಂಬಿಯ ಮೊಟ್ಟೆ ಹಿಕ್ಕೆಯ ಜೊತೆ ಬಿದ್ದು, ಬೆಚ್ಚನೆಯ ತೇವದಲ್ಲಿ ಒಂದೆರಡು ದಿನಕ್ಕೆ ಸೋಂಕು ಹರಡುವ ಸ್ಥಿತಿಗೆ ಬರುತ್ತದೆ. ದೊಡ್ಡ ಕೋಳಿಗಳು ಹೊರನೋಟಕ್ಕೆ ಚೆನ್ನಾಗಿದ್ದೇ ಇದನ್ನು ಉದುರಿಸುತ್ತಿರುತ್ತವೆ. ಅದಕ್ಕೇ ಪಿಳ್ಳೆಗಳನ್ನು ಬೇರೆ ಗೂಡಿನಲ್ಲಿ ಸಾಕಬೇಕು. ರಕ್ತಭೇದಿ ಬಂದ ಕೋಳಿಯ ಜುಟ್ಟು ಬಿಳಿಚುತ್ತದೆ, ಬೆನ್ನು ಗೂನಾಗುತ್ತದೆ, ಪುಕ್ಕ ನಿಗುರುತ್ತದೆ. ಹೀಗಿದ್ದರೆ ಪಶುವೈದ್ಯರನ್ನು ಕೇಳಿ ಶೇ 20ರ ಆ್ಯಂಪ್ರೋಲಿಯಂ ಪುಡಿ ತನ್ನಿ. ಕಾಯಿಲೆ ಜೋರಾಗಿದ್ದರೆ ಐದು ಲೀಟರ್ ನೀರಿಗೆ ಆರು ಗ್ರಾಂ, ಐದು ದಿನ. ಆಮೇಲೆ ಒಂದು ವಾರ ಐದು ಲೀಟರಿಗೆ ಒಂದೂವರೆ ಗ್ರಾಂ. ಪ್ರತಿ ಬೆಳಿಗ್ಗೆ ಹೊಸದಾಗಿ ಕಲಸಬೇಕು, ಬೇರೆ ನೀರು ಇಡಕೂಡದು. ಎರಡು ತಿಂಗಳ ಹತ್ತು ಕೋಳಿಗೆ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ನೀರು ಸಾಕು, ಬಿಸಿಲಿಗೆ ಇನ್ನಷ್ಟು ಬೇಕಾದೀತು. ಚಮಚದಲ್ಲಿ ಅಂದಾಜು ಅಳೆಯಬೇಡಿ, ಅಂಗಡಿಯಲ್ಲೇ ತೂಗಿಸಿ ಪೊಟ್ಟಣ ಕಟ್ಟಿಸಿಕೊಳ್ಳಿ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ‘ಶಕ್ತಿ ಬರಲಿ’ ಎಂದು ಅದೇ ನೀರಿಗೆ ಬಿ-ಕಾಂಪ್ಲೆಕ್ಸ್ ಸಿರಪ್ ಸುರಿಯುತ್ತಾರೆ. ಆ್ಯಂಪ್ರೋಲಿಯಂ ಕೆಲಸ ಮಾಡುವುದೇ ಪರಾವಲಂಬಿಗೆ ಬಿ1 ವಿಟಮಿನ್ ಸಿಗದಂತೆ ತಡೆದು. ನಾವೇ ಬಿ1 ಕೊಟ್ಟರೆ ಔಷಧಿ ವ್ಯರ್ಥ. ಕೋರ್ಸ್ ಮುಗಿದ ಮೇಲೆ ಕೊಡಿ, ಆಗ ಬೇಕು ಕೂಡ. ಪುಡಿ ಮಿತಿಮೀರಿ ಹಾಕಿದರೆ ಕೋಳಿಗೇ ಬಿ1 ಕೊರತೆಯಾಗಿ ಕತ್ತು ಹಿಂದಕ್ಕೆ ಬಾಗಿ ಆಕಾಶ ನೋಡತೊಡಗುತ್ತದೆ. ಜನ ಅದನ್ನೂ ಕೊಕ್ಕರೆ ರೋಗವೆಂದೇ ಕರೆದುಬಿಡುತ್ತಾರೆ.

ಗೂಡಿಗೆ ಫಿನಾಯಿಲ್ ಸುರಿಯುವುದರಿಂದ ಐಮೀರಿಯ ಮೊಟ್ಟೆ ಸಾಯುವುದಿಲ್ಲ, ಬ್ಲೀಚಿಂಗ್ ಪುಡಿಗೂ ಜಗ್ಗುವುದಿಲ್ಲ. ಒದ್ದೆ ಹಾಸನ್ನು ಕೆರೆದು ತೆಗೆದು, ಕುದಿಯುವ ನೀರು ಹುಯ್ದು, ನೆಲ ಚೆನ್ನಾಗಿ ಒಣಗಿದ ಮೇಲೆ ಎರಡು ಇಂಚು ಒಣ ಭತ್ತದ ಹೊಟ್ಟು ಹರಡಿ. ಆಲೆಮನೆಯ ಕಬ್ಬಿನ ಸಿಪ್ಪೆ ಪುಕ್ಕಟೆ ಸಿಗುತ್ತದೆಂದು ಹಾಸುವವರಿದ್ದಾರೆ. ನೆನೆದ ಸಿಪ್ಪೆಗೆ ಬೂಷ್ಟು ಬೇಗ ಹಿಡಿಯುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕ ಪಿಳ್ಳೆ ಸದ್ದಿಲ್ಲದೆ ಬಾಯಿ ತೆರೆದು ಏದುಸಿರು ಬಿಡುತ್ತದೆ, ಅದಕ್ಕೆ ಮದ್ದಿಲ್ಲ.

ಈಗ ನಿಜವಾದ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು-ಬಿಳಿ ಭೇದಿ, ಗೊರಗೊರ ಉಸಿರು, ತಿರುಚಿದ ಕತ್ತು, ರೆಕ್ಕೆ-ಕಾಲಿನ ಲಕ್ವ; ಒಂದರ ಹಿಂದೆ ಒಂದು ಸಾಯುತ್ತವೆ. ಇದು ವೈರಸ್, ಯಾವ ಆ್ಯಂಟಿಬಯೋಟಿಕ್ಕೂ ನಾಟುವುದಿಲ್ಲ. ಲಸಿಕೆಯೊಂದೇ ದಾರಿ. ಐದರಿಂದ ಏಳನೇ ದಿನ ಎಫ್ ತಳಿಯ ಲಸಿಕೆ ಕಣ್ಣಿಗೊಂದು ಹನಿ, ನಾಲ್ಕನೇ ವಾರಕ್ಕೆ ಲಸೋಟ ಲಸಿಕೆ ಕುಡಿಯುವ ನೀರಿನಲ್ಲಿ, ಎಂಟನೇ ವಾರಕ್ಕೆ ಆರ್2ಬಿ ಲಸಿಕೆ ಅರ್ಧ ಎಂಎಲ್ ರೆಕ್ಕೆಯ ಬುಡದಲ್ಲಿ ಚರ್ಮದಡಿಗೆ. ಆರ್2ಬಿ ಚುರುಕಾದ ಲಸಿಕೆ. ಆರು ವಾರದೊಳಗಿನ ಅಥವಾ ಮೊದಲೇ ಬಡಕಲಾದ ಕೋಳಿಗೆ ಕೊಟ್ಟರೆ ಲಸಿಕೆಯಿಂದಲೇ ಲಕ್ವ ಹೊಡೆಯಬಹುದು. ಒಂದು ವಾರ ಮೊದಲು ಜಂತುಹುಳುವಿನ ಔಷಧಿ ಕೊಟ್ಟಿರಬೇಕು. ಮೈಸೂರು ನಗರದವರು ಲಸೋಟವನ್ನು ನಲ್ಲಿ ನೀರಿನಲ್ಲಿ ಕಲಸಬಾರದು, ಕ್ಲೋರಿನ್ ಲಸಿಕೆಯನ್ನು ಕೊಲ್ಲುತ್ತದೆ. ಕ್ಲೋರಿನ್ ಇಲ್ಲದ ಬಾವಿ ನೀರಿಗೆ ಲೀಟರಿಗೆ ಐದು ಗ್ರಾಂ ಕೆನೆರಹಿತ ಹಾಲಿನ ಪುಡಿ ಕಲಸಿ ಕೊಡಿ. ಕಲಸಿದ ಲಸಿಕೆ ಎರಡು ಗಂಟೆಯೊಳಗೆ ಮುಗಿಯಬೇಕು, ಅಲ್ಲಿಯವರೆಗೆ ಮಂಜುಗಡ್ಡೆಯ ಮೇಲಿರಬೇಕು.

ನಮ್ಮಲ್ಲಿ ಈ ರೋಗ ಬೇಸಿಗೆಯ ಬಾಗಿಲಲ್ಲಿ ಹಬ್ಬುವುದಕ್ಕೆ ಕಾರಣ ಹವೆಯೊಂದೇ ಅಲ್ಲ. ಮಾರಿಹಬ್ಬ, ಯುಗಾದಿಯ ಹೊಸತೊಡಕು ಎಂದು ಸಂತೆಯಿಂದ ಕೋಳಿ ತರುತ್ತಾರೆ. ಉಳಿದವನ್ನು ಮನೆಯ ಹಿಂಡಿಗೆ ಬಿಡುತ್ತಾರೆ, ಕೊಯ್ದದ್ದರ ಪುಕ್ಕ, ಕರುಳು, ತೊಳೆದ ನೀರನ್ನು ಹಿತ್ತಲಿಗೆ ಚೆಲ್ಲುತ್ತಾರೆ. ವೈರಸ್ಸಿಗೆ ಇದಕ್ಕಿಂತ ಸುಲಭದ ದಾರಿ ಬೇಕಿಲ್ಲ. ಹೊಸ ಕೋಳಿಯನ್ನು ಎರಡು ವಾರ ಬೇರೆ ಮಂಕರಿಯಡಿ ಇಡಿ, ಕರುಳು-ಪುಕ್ಕ ಗುಂಡಿಗೆ ಹಾಕಿ ಸುಣ್ಣ ಹರಡಿ ಮುಚ್ಚಿ.

ಗದ್ದೆ-ನಾಲೆಯ ಊರುಗಳಲ್ಲಿ ಕೋಳಿ ಸಿಡುಬನ್ನು ಸೊಳ್ಳೆ ಹೊತ್ತು ತರುತ್ತದೆ. ಜುಟ್ಟು, ಕಣ್ಣರೆಪ್ಪೆಯ ಮೇಲಿನ ಗಂಟನ್ನು ಕೀಳಬೇಡಿ, ಪೊವಿಡೋನ್ ಅಯೋಡಿನ್ ಹಚ್ಚಿ, ಕಣ್ಣು ಮುಚ್ಚಿಹೋದ ಕೋಳಿಗೆ ಕೈಯಾರೆ ರಾಗಿ ಗಂಜಿ ಕುಡಿಸಿ. ಹೆಚ್ಚಿನವು ಕೆಲವು ವಾರದಲ್ಲಿ ಚೇತರಿಸಿಕೊಳ್ಳುತ್ತವೆ. ಬಾಯೊಳಗೆ ಹಳದಿ ಪೊರೆ ಕಟ್ಟಿದರೆ ಕಷ್ಟ. ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬಿದ್ದ ಎರಡು-ಮೂರು ತಿಂಗಳ ಹೇಂಟೆಗೆ ಮರೆಕ್ಸ್ ಎಂಬ ವೈರಸ್ ಕಾಯಿಲೆ ಇರುವ ಸಂಭವ ಹೆಚ್ಚು. ಅದರ ಲಸಿಕೆ ಮೊಟ್ಟೆಯೊಡೆದ ದಿನವೇ ಬೀಳಬೇಕು, ಆದ್ದರಿಂದ ಮರಿ ಕೊಳ್ಳುವಾಗಲೇ ಕೇಳಿ.

ಒಂದೇ ದಿನ ಹಲವು ಕೋಳಿ ದಿಢೀರನೆ ಸತ್ತು ಜುಟ್ಟು ನೀಲಿಗಟ್ಟಿದ್ದರೆ ಮುಟ್ಟಬೇಡಿ, ಕೊಯ್ಯಬೇಡಿ, ಮಾರಬೇಡಿ. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟದ್ದನ್ನು ಮರೆಯುವಂತಿಲ್ಲ. ಪಶು ಆಸ್ಪತ್ರೆಗೆ ಕೂಡಲೇ ತಿಳಿಸಿ, ಅವರು ಹೇಳಿದಂತೆ ನಡೆಯಿರಿ.

ಕೊನೆಗೆ ಪಶುಪಾಲನಾ ಇಲಾಖೆಗೆ ಒಂದು ಕೋರಿಕೆ. ರಾಣಿಖೇತ್ ಲಸಿಕೆ ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ, ಬೆಲೆಯೂ ಹೊರೆಯಲ್ಲ. ಆದರೆ ಸೀಸೆಯೊಂದರಲ್ಲಿ ಸಾಮಾನ್ಯವಾಗಿ ನೂರು ಡೋಸ್ ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ಎಂಟು ಕೋಳಿ ಇರುವವರು ಒಬ್ಬರೇ ಬಂದರೆ ಸೀಸೆ ಒಡೆಯಲು ಯಾರಿಗೂ ಮನಸ್ಸು ಬಾರದು, ಎರಡು ಗಂಟೆಯ ಮಿತಿ ಬೇರೆ. ಯುಗಾದಿಗೆ ಒಂದು ತಿಂಗಳ ಮುಂಚೆ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ದಿನ ಗೊತ್ತುಮಾಡಿ, ಹಿಂದಿನ ಸಂಜೆ ಟಾಂ ಟಾಂ ಹೊಡೆಸಿ, ಬೆಳಿಗ್ಗೆ ಗೂಡು ತೆರೆಯುವ ಮುಂಚೆ ಲಸಿಕೆ ಹಾಕಿಸಲಿ. ಹೊತ್ತು ಏರಿದ ಮೇಲೆ ಹಿತ್ತಲ ಕೋಳಿ ಹಿಡಿಯುವುದು ಯಾರಿಂದಲೂ ಆಗದ ಕೆಲಸ.

ಇತಿ,
ಹಿತ್ತಲ ಕೋಳಿ ಸಾಕಣೆದಾರರು
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ