ಪಾಯಿಂಟ್ಸ್ ಸೇಲ್ ಅಂತ ಓಡಬ್ಯಾಡ್ರಿ

ಸಂಪಾದಕರೇ,

ಹೋಟೆಲ್ ಪಾಯಿಂಟ್ಸ್, ಅಂದ್ರ ರೊಕ್ಕದ ಬದ್ಲು ಕೊಟ್ಟು ರೂಮು ಬುಕ್ ಮಾಡೋ ಅಂಕ, ಸೇಲ್‌ನಾಗ ತಗೊಂಡ್ರ ಟ್ರಿಪ್ ಅಗ್ಗ ಅಂತಾರ, ಸುಳ್ಳೇನಲ್ಲ, ಹಿಲ್ಟನ್ ಹೋಟೆಲಿನವ್ರದ್ದು ಮಾಮೂಲಿ ಪಾಯಿಂಟಿಗೆ 1 ಸೆಂಟ್, 100% ಬೋನಸ್ (ತಗೊಂಡಷ್ಟೇ ಪಾಯಿಂಟ್ ಪುಕ್ಕಟೆ) ಬಂದಾಗ ಅರ್ಧಕ್ಕ ಬೀಳ್ತದ, ಅಂದ್ರ 40,000 ಪಾಯಿಂಟಿನ ರೂಮು 200 ಡಾಲರ್ ಆತು. ಆದ್ರ ಅದೇ ರೂಮು ಅವತ್ತು ರೊಕ್ಕಕ್ಕೇ 150 ಇದ್ರ? ಮೊದ್ಲು ಅದು ನೋಡ್ರಿ, ಡೇಟ್ ಗಟ್ಟಿಯಾದ ಮ್ಯಾಲೇ ತಗೋರಿ.

ನಾನು ಬ್ಯಾರೆ ಒಂದು ಕಂಪನಿದು ತಗೊಂಡು ಕುಂತೆ, ದೀಪಾವಳಿಗೆ ಬುಕ್ ಮಾಡಾಕ ಹೋದ್ರ ರೂಮಿಗೆ ಬೇಕಾದ ಪಾಯಿಂಟೇ ಏರಿಸಿಬಿಟ್ಟಿದ್ರು, ವಾಪಸ್ ತಗೊಳಂಗಿಲ್ಲ ಅಂದ್ರು. ಡಾಲರ್‌ನಾಗ ಕಟ್ಟಿದ್ದಕ್ಕ ಕಾರ್ಡಿನವ್ರ ಫಾರೆಕ್ಸ್ (ವಿದೇಶಿ ರೊಕ್ಕದ) ಚಾರ್ಜ್ ಬ್ಯಾರೆ, ಅದರ ಮ್ಯಾಲ ಜಿಎಸ್‌ಟಿ. ಎಪಿಎಂಸಿನಾಗ ಹತ್ತಿ ಅಂಡಗಿಗೆ ಕೈ ಹಾಕಿ ಹಿಂಜಿ ನೋಡಿ ರೇಟ್ ಹೇಳೋ ಮನುಷ್ಯ ನಾನು, ಮೊಬೈಲ್‌ನಾಗ ಸೇಲ್ ಮುಗಿಯೋ ಟೈಮರ್ ಓಡೋದ್ ನೋಡಿ ಒತ್ತಿಬಿಟ್ಟೆ.

– ಒಬ್ಬ ಓದುಗ, ರಾಯಚೂರು